ಮುನ್ನೋಟದಲ್ಲಿ ಸರಿಯಿದ್ದ ಕಾಲಂ ಆಮೇಲೆ ಕೆಡುವುದೇಕೆ?

ಪ್ರಶ್ನೆ: ಆರ್ ಭಾಷೆ ಬಳಸಿ ಸಂಖ್ಯಾಶಾಸ್ತ್ರದ ಒಂದು ತಂತ್ರಾಂಶ ಮಾಡುತ್ತಿದ್ದೇವೆ. ಸಿಎಸ್‌ವಿ ಫೈಲ್ ತೆರೆಯುವ ಡಯಲಾಗ್‌ನಲ್ಲಿ ಮೊದಲ 50 ಸಾಲಿನ ಮುನ್ನೋಟ ಕೊಟ್ಟಿದ್ದೇವೆ. ಅಲ್ಲಿ ಅಂಕಿಯಾಗಿ ಕಂಡ ಕಾಲಂ, ಓಕೆ ಒತ್ತಿದ ಮೇಲೆ ಪಠ್ಯವಾಗಿರುತ್ತದೆ. ಯಾಕೆ?
– ಓದುಗರು, ಧಾರವಾಡ

ಉತ್ತರ: ಕಾಲಂನ ಟೈಪ್ (ಅದು ಅಂಕಿಯೋ ಪಠ್ಯವೋ ಎನ್ನುವುದು) ಎರಡು ಸಲ ನಿರ್ಧಾರವಾಗುತ್ತಿದೆ: ಮುನ್ನೋಟದಲ್ಲಿ 50 ಸಾಲು ನೋಡಿ, ಓಕೆ ಒತ್ತಿದಾಗ ಇಡೀ ಫೈಲ್ ನೋಡಿ. ಉದಾಹರಣೆಗೆ, 8,000ನೇ ಸಾಲಿನಲ್ಲಿ ಬೆಳೆಯ ಇಳುವರಿಯ ಜಾಗದಲ್ಲಿ ಯಾರೋ ‘ಗೊತ್ತಿಲ್ಲ’ ಎಂದು ಬರೆದಿದ್ದರೆ ಸಾಕು, ಫೈಲ್ ಓದುವ ಆರ್‌ನ ಫಂಕ್ಷನ್ ರೀಡ್.ಸಿಎಸ್‌ವಿ ಇಡೀ ಕಾಲಂ ಅನ್ನು ಪಠ್ಯ ಮಾಡುತ್ತದೆ. ಇದೇ ಕೆಲಸದ ರೀಡರ್ (readr) ಪ್ಯಾಕೇಜ್ ಬಳಸಿದರೆ ತೊಂದರೆಯ ರೂಪ ಬೇರೆ. ಅದು ಹೆಚ್ಚೆಂದರೆ 1,000 ಸಾಲು ನೋಡಿ ಊಹಿಸುತ್ತದೆ (ಬದಲಿಸದಿದ್ದರೆ). ಊಹೆ ತಪ್ಪಿದಲ್ಲಿ ‘ಗೊತ್ತಿಲ್ಲ’ ಎನ್ನುವುದು ಎನ್‌ಎ (ಬೆಲೆ ಇಲ್ಲ ಎಂಬ ಗುರುತು) ಆಗುತ್ತದೆ. ಎಚ್ಚರಿಕೆಯ ಸಾಲು ಕನ್ಸೋಲ್‌ನಲ್ಲಿ ಬರುತ್ತದೆ ನಿಜ, ಆದರೆ ಡಯಲಾಗ್ ಬಳಸುವವರು ಕನ್ಸೋಲ್ ನೋಡುವುದೇ ಕಡಿಮೆ.

ಟೈಪ್ ಅನ್ನು ಒಮ್ಮೆ ಮಾತ್ರ ನಿರ್ಧರಿಸಿ. ಡೇಟಾ.ಟೇಬಲ್ ಪ್ಯಾಕೇಜ್‌ನ ಎಫ್‌ರೀಡ್ ಫಂಕ್ಷನ್ ದೊಡ್ಡ ಫೈಲ್‌ನ 100 ಕಡೆ ತಲಾ 100 ಸಾಲು ನೋಡುತ್ತದೆ; ಆ ಬಗೆಯ ಮಾದರಿ ತೆಗೆದುಕೊಳ್ಳಿ. ಸಿಕ್ಕ ಟೈಪ್ ಅನ್ನು ಕಾಲಂ ಹೆಸರಿನ ಕೆಳಗೆ ಬರೆಯಿರಿ, ಅಲ್ಲೇ ಒತ್ತಿ ಬದಲಿಸಲು ಬಿಡಿ. ಓಕೆ ಒತ್ತಿದಾಗ ಅದನ್ನೇ ರೀಡ್.ಸಿಎಸ್‌ವಿಯಲ್ಲಿ ಟೈಪ್ ಹೇಳುವ ಆಯ್ಕೆಯಾದ ಕೋಲ್‌ಕ್ಲಾಸಸ್‌ಗೆ ಕಳಿಸಿ. ಆಗ ರೀಡ್.ಸಿಎಸ್‌ವಿ ‘ಗೊತ್ತಿಲ್ಲ’ ಸಿಕ್ಕ ಕೂಡಲೇ ಆ ಪದವನ್ನೇ ತೋರಿಸಿ ನಿಲ್ಲುತ್ತದೆ. ನಿಲ್ಲಲಿ. ಸದ್ದಿಲ್ಲದೆ ಕೆಡುವುದಕ್ಕಿಂತ ಅದು ಮೇಲು. ಬಳಕೆದಾರರು ಆ ಪದವನ್ನು ಎನ್‌ಎ ಎಂದು ಓದಬೇಕಾದ ಪದಗಳ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ.

ಟೈಪ್ ಕಾಣಿಸುವುದರಿಂದ ಇನ್ನೊಂದು ಲಾಭ: ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಎನ್ನುವುದು 80 ಆಗಿದ್ದರೆ ಕಣ್ಣಿಗೆ ಬೀಳುತ್ತದೆ. ಊರಿನ ಹೆಸರುಗಳು ಹಳೆಯ ನುಡಿ ಫಾಂಟ್‌ನಲ್ಲಿದ್ದು ಮುನ್ನೋಟದಲ್ಲಿ ಚಿತ್ರವಿಚಿತ್ರ ರೋಮನ್ ಅಕ್ಷರ ಕಂಡರೆ, ಎನ್‌ಕೋಡಿಂಗ್ ಆಯ್ಕೆ ಬದಲಿಸಿ ಪ್ರಯೋಜನವಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಪ್ರಶ್ನೆ: ಗ್ರಾಫ್ ಡಯಲಾಗ್‌ನಲ್ಲಿ 5 ಲಕ್ಷ ಸಾಲಿನ ಡೇಟಾ ಇದ್ದರೆ, ಶೀರ್ಷಿಕೆಯ ಒಂದೊಂದು ಅಕ್ಷರ ಒತ್ತಿದಾಗಲೂ ಮುನ್ನೋಟ ತಡವರಿಸುತ್ತದೆ. ಮಾದರಿ ತೆಗೆದು ತೋರಿಸಬಹುದೇ?
– ಓದುಗರು, ಮೈಸೂರು

ಉತ್ತರ: ಮೊದಲು ಟೈಮರ್ ಹಾಕಿ. ಕೊನೆಯ ಬದಲಾವಣೆಯಾಗಿ 300ರಿಂದ 500 ಮಿಲಿಸೆಕೆಂಡ್ ಸುಮ್ಮನಿದ್ದರೆ ಮಾತ್ರ ಚಿತ್ರ ಬರೆಯಲಿ. ಆರ್‌ನ ವೆಬ್ ಆ್ಯಪ್ ಪ್ಯಾಕೇಜ್ ಶೈನಿಯಲ್ಲಿ ಇದಕ್ಕೆ ಡಿಬೌನ್ಸ್ ಇದೆ. ಕಿಟಕಿ, ಡಯಲಾಗ್ ಕಟ್ಟುವ ಕ್ಯೂಟಿ (Qt) ಲೈಬ್ರರಿಯಲ್ಲಾದರೆ ಕ್ಯೂಟೈಮರ್ ಅನ್ನು ಪ್ರತಿ ಬದಲಾವಣೆಗೂ ಹೊಸದಾಗಿ ಶುರುಮಾಡಿ.

ಮಾದರಿ ಸ್ಕ್ಯಾಟರ್ ಪ್ಲಾಟ್‌ಗೆ ಮಾತ್ರ ಇರಲಿ. ಕಿರು ಕಿಟಕಿಗೆ 3,000 ಚುಕ್ಕಿ ಸಾಕು. ಹಿಸ್ಟೋಗ್ರಾಂ, ಬಾಕ್ಸ್‌ಪ್ಲಾಟ್‌ಗೆ ಬೇಡ: ಹೊರಬಿದ್ದ ಬೆಲೆಗಳು ಮಾಯವಾಗಿ, ಅಕ್ಷದ ಅಳತೆಯೇ ಬದಲಾಗುತ್ತದೆ. ಅಲ್ಲಿ ಲೆಕ್ಕ ಪೂರ್ತಿ ಡೇಟಾದ್ದೇ ಇರಲಿ. ಬರೆಯಬೇಕಾದದ್ದು ಕೆಲವೇ ಕಂಬ, ಭಾರವಾಗದು.

ಇಲ್ಲೊಂದು ಬಲೆಯಿದೆ. ಮಾದರಿ ತೆಗೆದಾಗ ಬಳಕೆದಾರರ ಯಾದೃಚ್ಛಿಕ ಸಂಖ್ಯೆಗಳ ಸರಣಿ ಮುಂದೆ ಸರಿಯುತ್ತದೆ. ಅವರು ಆ ಸರಣಿಯ ಆರಂಭವನ್ನು (ಸೀಡ್) ಗೊತ್ತುಮಾಡುವ ಸೆಟ್.ಸೀಡ್ ಕೊಟ್ಟು ಆಮೇಲೆ ನಿಮ್ಮ ಡಯಲಾಗ್ ತೆರೆದರೆ, ಅವರ ಫಲಿತಾಂಶವೇ ಬದಲಾಗುತ್ತದೆ! ಕೋಡ್ ಅನ್ನು ಲೋಕಲ್ ಒಳಗಿಟ್ಟರೂ ಉಪಯೋಗವಿಲ್ಲ, ಸೀಡ್ ಇರುವುದು ಗ್ಲೋಬಲ್ ಪರಿಸರದಲ್ಲಿ. ಸೀಡ್‌ನ ನಕಲು ಇಟ್ಟುಕೊಂಡು, ಫಂಕ್ಷನ್ ಮುಗಿಯುವಾಗ ನಡೆಯುವ ಆನ್.ಎಕ್ಸಿಟ್‌ನಲ್ಲಿ ವಾಪಸ್ ಇಡಿ. ಮೊದಲು ಸೀಡ್ ಇರಲೇ ಇಲ್ಲವಾದರೆ ಅಳಿಸಿಬಿಡಿ. ಹಾಗೆಯೇ ಬಳಕೆದಾರರ ಗ್ರಾಫಿಕ್ಸ್ ಡಿವೈಸ್ (ಚಿತ್ರ ಮೂಡುವ ಕಿಟಕಿ ಅಥವಾ ಫೈಲ್) ಯಾವುದಿತ್ತೋ ಅದಕ್ಕೇ ಮರಳಿಸಿ.

ಪ್ರಶ್ನೆ: ಆಯ್ಕೆಗಳು ಅರ್ಧ ತುಂಬಿರುವಾಗ ಮುನ್ನೋಟದಲ್ಲಿ ಏನು ತೋರಿಸಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಹಿಂದಿನ ಚಿತ್ರ ಅಳಿಸಬೇಡಿ, ಮಸುಕು ಮಾಡಿ. ಕೆಳಗೆ ‘ವೈ ಅಕ್ಷಕ್ಕೆ ಕಾಲಂ ಆರಿಸಿ’ ಎಂದು ಒಂದು ಸಾಲು ಬರಲಿ. ಪಾಪ್‌ಅಪ್ ಮಾತ್ರ ಬೇಡ.