ಮುದುಕ ಹಿಮಕ್ಕೇ ಗಾಳ ಹಾಕಿದನೇ?

ಚೀನಾದ ತಾಂಗ್ ಕಾಲದ ಕವಿ ಲಿಯು ಝೊಂಗ್‌ಯುವಾನ್‌ನ ‘ನದಿಯ ಹಿಮ’ ಪದ್ಯದ ಕೊನೆಯ ಸಾಲಿನಲ್ಲಿ ಮೀನೇ ಇಲ್ಲವಲ್ಲ, ಅನುವಾದದ ತಪ್ಪೇ ಎಂದು ಕೇಳಿದ್ದೀರಿ. ತಪ್ಪಲ್ಲ, ಮೂಲದಲ್ಲೂ ಮೀನಿಲ್ಲ. ‘ಒಬ್ಬನೇ, ಗಾಳ, ತಣ್ಣನೆ, ನದಿ, ಹಿಮ’, ಐದೇ ಚೀನೀ ಅಕ್ಷರ, ಒಂದೊಂದೂ ಒಂದು ಪದ. ಹಿಮ ಬೀಳುವ ನದಿಯಲ್ಲಿ ಗಾಳ ಹಾಕಿದ ಎಂದೂ ಓದಬಹುದು, ಹಿಮಕ್ಕೇ ಗಾಳ ಹಾಕಿದ ಎಂದೂ ಓದಬಹುದು. ನನಗೆ ಎರಡನೆಯದೇ ಇಷ್ಟ. ಪದ್ಯ ಶುರುವಾಗುವುದು ಹೀಗೆ: ಸಾವಿರ ಬೆಟ್ಟಗಳಲ್ಲಿ ಒಂದು ಹಕ್ಕಿಯಿಲ್ಲ, ಹತ್ತು ಸಾವಿರ ದಾರಿಗಳಲ್ಲಿ ಹೆಜ್ಜೆಗುರುತಿಲ್ಲ. ಆಮೇಲೆ ಒಂಟಿ ದೋಣಿ, ಹುಲ್ಲಿನ ಗೊರಬು ಹೊದ್ದ ಮುದುಕ. ನಾಲ್ಕೂ ಸಾಲಿನ ಮೊದಲ ಅಕ್ಷರಗಳನ್ನಷ್ಟೇ ಜೋಡಿಸಿ ನೋಡಿ: ಸಾವಿರ, ಹತ್ತು ಸಾವಿರ, ಒಂಟಿ, ಏಕಾಂಗಿ! 805ರಲ್ಲಿ ರಾಜಕೀಯ ಸುಧಾರಣೆ ಮುರಿದುಬಿದ್ದು ದೂರದ ಯೊಂಗ್‌ಝೌಗೆ ಗಡೀಪಾರಾದಾಗ ಕವಿಗೆ ಮೂವತ್ತು ದಾಟಿತ್ತಷ್ಟೆ. ಆ ಮುದುಕನಲ್ಲಿ ನನಗೆ ಅವನೇ ಕಾಣುತ್ತಾನೆ.