ಸಂಪಾದಕರ ಉತ್ತರ: ಸಿನಿಮಾದಲ್ಲಿ ಕಾಣದ ರಿಯಾಜು

ಬೆಟಗೇರಿಯ ಮಾನ್ಯ ಸಂಗೀತ ಗುರುಗಳಿಗೆ ನಮಸ್ಕಾರಗಳು.

ಅಮೆರಿಕದ ರಾಕ್ ಗಾಯಕ ಜಿಮ್ ಮಾರಿಸನ್‌ನ ಬದುಕನ್ನು ಕುರಿತು ಆಲಿವರ್ ಸ್ಟೋನ್ 1991ರಲ್ಲಿ ನಿರ್ದೇಶಿಸಿದ 'ದಿ ಡೋರ್ಸ್' ಚಿತ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ, ಮೊಮ್ಮಗನ ಮೊಬೈಲಿನಲ್ಲಿ ಆ ಚಿತ್ರವನ್ನೂ ಪೂರ್ತಿ ನೋಡಿ, ನಾಲ್ಕು ಪುಟಗಳ ಪತ್ರ ಬರೆದಿದ್ದೀರಿ. ಕುಡಿದು ವೇದಿಕೆಯ ಮೇಲೆ ತೂರಾಡುವವನನ್ನು ಕಲಾವಿದನೆಂದು ಕೊಂಡಾಡುವ ಚಿತ್ರವನ್ನು ಹೊಗಳಿ ನಮ್ಮ ಹುಡುಗರಿಗೆ ಏನು ಕಲಿಸಹೊರಟಿದ್ದೀರಿ ಎಂಬುದು ನಿಮ್ಮ ಆಕ್ಷೇಪ. ನಿಮ್ಮಲ್ಲಿ ಪೇಟಿ (ಹಾರ್ಮೋನಿಯಂ) ಕಲಿಯಲು ಬರುವ ಶಿಷ್ಯರು ಇದನ್ನು ನೋಡಬಹುದೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ.

ಉತ್ತರಿಸುವ ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 1967ರ ಸೆಪ್ಟೆಂಬರ್ 17ರಂದು ಎಡ್ ಸಲಿವನ್ ಅವರ ಟಿ.ವಿ. ಕಾರ್ಯಕ್ರಮದಲ್ಲಿ, ಮಾದಕ ವಸ್ತುವಿನ ಸೂಚನೆ ಇದೆಯೆಂದು ಬದಲಿಸಲು ಹೇಳಿದ್ದ ಪದವೊಂದನ್ನು ಮಾರಿಸನ್ ಕ್ಯಾಮೆರಾಕ್ಕೆ ಮುಖ ಕೊಟ್ಟು ಅಬ್ಬರಿಸಿದನೆಂದು ನಮ್ಮ ಲೇಖನದಲ್ಲಿತ್ತು. ಅದು ಚಿತ್ರದ ದೃಶ್ಯ. ನಿಜವಾದ ಪ್ರಸಾರದಲ್ಲಿ ಅವನು ಪದವನ್ನು ಬದಲಿಸಲಿಲ್ಲ, ಅಷ್ಟೆ. ಉಳಿದ ಸಾಲುಗಳ ಹಾಗೆಯೇ ಅದನ್ನೂ ಹಾಡಿ ಮುಂದೆ ಹೋದ. ಸಿನಿಮಾದಲ್ಲಿ ಕಂಡದ್ದನ್ನೇ ಚರಿತ್ರೆಯೆಂದು ಅಚ್ಚು ಹಾಕಿದ್ದಕ್ಕೆ ಓದುಗರ ಕ್ಷಮೆ ಕೋರುತ್ತೇವೆ.

ಚಿತ್ರದಲ್ಲಿ ದೋಷವಿದೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ, ಆದರೆ ನೀವು ಬೆರಳಿಟ್ಟ ಜಾಗದಲ್ಲಿ ಅಲ್ಲ. ಕುಡಿತವನ್ನು ತೋರಿಸಿದ್ದು ತಪ್ಪಲ್ಲ, ಏಕೆಂದರೆ ಅದು ನಡೆದದ್ದೇ. 1969ರ ಮಾರ್ಚ್ 1ರ ಮಯಾಮಿ ಕಾರ್ಯಕ್ರಮದಲ್ಲಿ ಅಮಲಿನಲ್ಲಿ ಆಡಿದ ಆಟಕ್ಕೆ ಅವನ ಮೇಲೆ ಮೊಕದ್ದಮೆ ನಡೆದು ಶಿಕ್ಷೆಯಾಯಿತು. ಮೇಲ್ಮನವಿ ತೀರ್ಮಾನವಾಗುವ ಮೊದಲೇ, 1971ರ ಜುಲೈ 3ರಂದು, ಪ್ಯಾರಿಸ್‌ನ ಮನೆಯೊಂದರ ಸ್ನಾನದ ತೊಟ್ಟಿಯಲ್ಲಿ 27ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. (ಫ್ಲಾರಿಡಾ ರಾಜ್ಯ ಅವನಿಗೆ ಕ್ಷಮಾದಾನ ಕೊಟ್ಟಿದ್ದು 2010ರಲ್ಲಿ, ಕೋರ್ಟು ಕಚೇರಿಗಳ ನಡಿಗೆ ಎಲ್ಲ ದೇಶಗಳಲ್ಲೂ ಒಂದೇ ಎನಿಸುತ್ತದೆ.) ನನ್ನ ತಕರಾರು ಬೇರೆ. ಚಿತ್ರ ಕುಡಿತವನ್ನು ತೋರಿಸಿದಷ್ಟು ಹೊತ್ತು ಕೆಲಸವನ್ನು ತೋರಿಸುವುದಿಲ್ಲ. ಹೀಗಾಗಿ ಹಾಡು ಬಾಟಲಿಯಿಂದಲೇ ಹುಟ್ಟಿತೆಂದು ನೋಡುವವನು ನಂಬಿಬಿಡುತ್ತಾನೆ.

ನಿಮ್ಮ ಗದಗ ಸೀಮೆಯವರೇ ಆದ ಭೀಮಸೇನ ಜೋಶಿಯವರನ್ನು ನೆನೆಯಿರಿ. ಒಂದು ಕಾಲಕ್ಕೆ ಕುಡಿತ ಅವರನ್ನು ಬಲವಾಗಿ ಹಿಡಿದಿತ್ತು, ಮುಂದೆ ಅವರು ಅದನ್ನು ಬಿಟ್ಟರು; ಅವರ ಜೀವನ ಬರೆದವರು ಇದನ್ನು ಮುಚ್ಚಿಟ್ಟಿಲ್ಲ. ಆದರೂ ಅವರು ಹಾಡಿದ ತೋಡಿ ರಾಗ ಕುಡಿತದ ಫಲವೆಂದು ಧಾರವಾಡದಿಂದ ಗದಗಿನವರೆಗೆ ಯಾವ ಕೇಳುಗನೂ ಹೇಳಲಾರ, ಏಕೆಂದರೆ 11ನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟ ಹುಡುಗ ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿ ವರ್ಷಗಟ್ಟಲೆ ದುಡಿದು ಕಲಿತ ಕಥೆ ನಮಗೆಲ್ಲ ಗೊತ್ತು. ಆ ಕುಂದಗೋಳವನ್ನು ಎರಡು ನಿಮಿಷದಲ್ಲಿ ಮುಗಿಸಿ, ಮಿಕ್ಕ ಎರಡು ಗಂಟೆಯನ್ನು ಅವರ ಅಮಲಿಗೆ ಮೀಸಲಿಟ್ಟು ಯಾರಾದರೂ ಸಿನಿಮಾ ಮಾಡಿದರೆ ಅದರಲ್ಲಿ ಒಂದು ಘಟನೆಯೂ ಸುಳ್ಳಾಗಿರಬೇಕಿಲ್ಲ. ಆದರೂ ಚಿತ್ರ ಸುಳ್ಳಾಗುತ್ತದೆ.

ಮಾರಿಸನ್‌ಗೂ ಒಂದು ಕುಂದಗೋಳವಿತ್ತು. 1966ರಲ್ಲಿ ಲಾಸ್ ಏಂಜಲೀಸ್‌ನ 'ವಿಸ್ಕಿ ಎ ಗೋ ಗೋ' ಎಂಬ ಕ್ಲಬ್ಬಿನಲ್ಲಿ (ಹೆಸರು ನೋಡಿ ನಗಬೇಡಿ) ಅವನೂ ಅವನ 'ದಿ ಡೋರ್ಸ್' ತಂಡದ ಉಳಿದ ಮೂವರೂ ತಿಂಗಳುಗಟ್ಟಲೆ ರಾತ್ರಿ ರಾತ್ರಿ ನುಡಿಸಿದರು. ಹಾಗೆ ಕೈ ಪಳಗಿದ್ದರಿಂದಲೇ ಆ ಆಗಸ್ಟ್‌ನಲ್ಲಿ ಮೊದಲ ಆಲ್ಬಮ್ಮಿನ ಧ್ವನಿಮುದ್ರಣ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಮುಗಿಯಿತು. ಮುಂದೆ ಕುಡಿತ ಹೆಚ್ಚಿದಾಗ 1969ರ ಆಲ್ಬಮ್ಮಿಗೆ ತಿಂಗಳುಗಳೇ ಹಿಡಿದವು, ಅದರ ಅರ್ಧದಷ್ಟು ಹಾಡುಗಳನ್ನು ಗಿಟಾರ್ ನುಡಿಸುವ ರಾಬಿ ಕ್ರೀಗರ್ ಬರೆಯಬೇಕಾಯಿತು. ಅವರನ್ನು ಪ್ರಸಿದ್ಧಿಗೆ ತಂದ 1967ರ ಹಾಡು ಕೂಡ ಬಹುಪಾಲು ಕ್ರೀಗರ್‌ನದೇ. ಅವನು ತಂದ ಆ ಹಾಡಿಗೆ ನಾಲ್ವರೂ ಸೇರಿ ರೂಪ ಕೊಡುವ ದೃಶ್ಯವೊಂದು ಚಿತ್ರದಲ್ಲಿದೆ. ನನ್ನ ಕಣ್ಣಿಗೆ ಇಡೀ ಚಿತ್ರದ ಅತ್ಯುತ್ತಮ ಭಾಗ ಅದೇ. ಅಂಥ ಇನ್ನೂ ನಾಲ್ಕು ದೃಶ್ಯಗಳಿದ್ದಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ. ಕೀಬೋರ್ಡ್ ನುಡಿಸುತ್ತಿದ್ದ ರೇ ಮಂಜಾರೆಕ್ ಈ ಚಿತ್ರವನ್ನು ಒಪ್ಪದೆ ದೂರ ಉಳಿದಿದ್ದರು. ತಮ್ಮ ಗೆಳೆಯನ ನಗೆ, ಓದು, ತಮಾಷೆ ಯಾವುದೂ ಇದರಲ್ಲಿಲ್ಲ ಎಂಬುದು ಅವರ ದೂರಾಗಿತ್ತು.

ವಿಚಿತ್ರವೆಂದರೆ, ತೆರೆಯ ಮೇಲೆ ಕಾಣದ ರಿಯಾಜನ್ನು ಮಾರಿಸನ್ ಪಾತ್ರದ ನಟ ವಾಲ್ ಕಿಲ್ಮರ್ ತೆರೆಯ ಹಿಂದೆ ಮಾಡಿದ್ದರು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬಹಳಷ್ಟು ಹಾಡುಗಳನ್ನು ಅವರೇ ಹಾಡಿದ್ದಾರೆ. ನಮ್ಮ ಲೇಖನ ಹೊಗಳಿದ್ದು ಮುಖ್ಯವಾಗಿ ಇದನ್ನು; ಆ ಹೊಗಳಿಕೆಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನನ್ನ ವಾದಕ್ಕೆ ಪೂರ್ತಿ ಒಗ್ಗದ ಸಂಗತಿಯೊಂದನ್ನೂ ಹೇಳಿಬಿಡುತ್ತೇನೆ. ಮಾರಿಸನ್ ಹಾಡಿದ ಕೊನೆಯ ಆಲ್ಬಮ್ಮು 1971ರ ಏಪ್ರಿಲ್‌ನಲ್ಲಿ ಬಂತು. ಆ ಹೊತ್ತಿಗೆ ಅವನ ದೇಹ ಕುಡಿತದಿಂದ ಊದಿಕೊಂಡಿತ್ತು. ಆದರೂ ತಾವು ತಾಲೀಮು ನಡೆಸುತ್ತಿದ್ದ ಜಾಗದಲ್ಲೇ, ದನಿ ಗುಂಯ್‌ಗುಡಲೆಂದು ಬಚ್ಚಲಲ್ಲಿ ನಿಂತು ಅವನು ಹಾಡಿದ ಆ ಹಾಡುಗಳು ಅವನ ಉತ್ತಮ ಹಾಡುಗಳ ಸಾಲಿನಲ್ಲೇ ಇವೆ. ಕುಡಿತ ಕಲೆಯನ್ನು ಕೊಟ್ಟಿತೆಂಬುದು ಎಷ್ಟು ಸುಳ್ಳೋ, ಕುಡಿದ ದಿನವೇ ಕಲೆ ಸತ್ತಿತೆಂಬ ನಿಮ್ಮ ಪತ್ರದ ಮಾತು ಕೂಡ ಅಷ್ಟೇ ಅವಸರದ್ದು. ದೇಹ ಸೋತ ಮೇಲೂ ಕಸುಬು ಸ್ವಲ್ಪ ಕಾಲ ಉಳಿದಿರುತ್ತದೆ.

ಇನ್ನು ನಿಮ್ಮ ಶಿಷ್ಯರ ವಿಷಯ. ಸಣ್ಣ ಮಕ್ಕಳಿಗೆ ಈ ಚಿತ್ರ ಬೇಡ. ದೊಡ್ಡವರು ನೋಡಲಿ, ಆದರೆ ಅದಕ್ಕೂ ಮೊದಲು 1968ರ ಜುಲೈ 5ರ ಹಾಲಿವುಡ್ ಬೌಲ್ ಕಾರ್ಯಕ್ರಮದ ಚಿತ್ರೀಕರಣವನ್ನು ನೀವೇ ಅವರ ಜೊತೆ ಕುಳಿತು ನೋಡಿ. ಆ ತಂಡದಲ್ಲಿ ತಗ್ಗು ಸ್ವರಗಳ ಬೇಸ್ ಗಿಟಾರ್ ನುಡಿಸುವವರಿಲ್ಲ. ಮಂಜಾರೆಕ್ ಎಡಗೈಯಲ್ಲಿ ಒಂದು ಕೀಬೋರ್ಡಿನ ಮೇಲೆ ಬೇಸ್ ನುಡಿಸುತ್ತ, ಬಲಗೈಯಲ್ಲಿ ಆರ್ಗನ್ ನುಡಿಸುತ್ತಾರೆ. ಗಾಯಕನನ್ನು ಬಿಟ್ಟು ಆ ಎಡಗೈಯನ್ನೇ ಗಮನಿಸಲು ಮಕ್ಕಳಿಗೆ ಹೇಳಿ. ಪೇಟಿಯ ಭಾತೆ ಒತ್ತುವುದರಲ್ಲೇ ಎಡಗೈ ಸವೆಸಿದ ನೀವು ಅದರ ಬಗ್ಗೆ ಏನು ಹೇಳುತ್ತೀರಿ ಎಂಬುದನ್ನು ಮುಂದಿನ ಪತ್ರದಲ್ಲಿ ಓದಲು ಕಾದಿದ್ದೇನೆ.

ಸಂಪಾದಕ