ಚಂಡಮಾರುತದ ಅಲೆ ನುಗ್ಗಿದ ಬಾವಿ: ಬರಿದು ಮಾಡಿದಷ್ಟೂ ಉಪ್ಪು
ಚಂಡಮಾರುತದಲ್ಲಿ ಕಡಲ ನೀರು ನುಗ್ಗಿದ ಬಾವಿಯನ್ನು ಪಂಪ್ ಹಚ್ಚಿ ಮೂರು ಸಲ ಬರಿದು ಮಾಡಿದರೂ ಉಪ್ಪು ಹೆಚ್ಚುತ್ತಿದೆ ಅಂದಿರಲ್ಲ, ಬಹುಶಃ ಪಂಪಿನದ್ದೇ ಕಿತಾಪತಿ. ಕಡಲಂಚಿನ ಹೊಯಿಗೆಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಜೋರಾಗಿ ಎಳೆದರೆ ಕೆಳಗಿನದು ಮೇಲೇರುತ್ತದೆ. 2004ರ ಸುನಾಮಿ ನಂತರ ಶ್ರೀಲಂಕಾದ ಎಷ್ಟೋ ಬಾವಿಗಳಿಗೂ ಇದೇ ಪಾಡಾಯಿತು.

ಮೊದಲು ಪಂಪ್ ನಿಲ್ಲಿಸಿ. ಕಸ, ಕೆಸರನ್ನು ಮೇಲಿನಿಂದಲೇ ಬಕೆಟ್ಟಿನಲ್ಲಿ ಎತ್ತಿಸಿ, ಯಾರನ್ನೂ ಇಳಿಸಬೇಡಿ, ನೆನೆದ ಗೋಡೆ ಕುಸಿಯಬಹುದು. ಎತ್ತಿದ್ದನ್ನು ಕಟ್ಟೆ ಬುಡದಲ್ಲಿ ಸುರಿದರೆ ಅದೇ ಇಂಗಿ ವಾಪಸ್ ಬರುತ್ತದೆ, ದೂರ ಹರಿಸಿ.

ಆಮೇಲೆ ಬ್ಲೀಚಿಂಗ್ ಪೌಡರ್, 1000 ಲೀಟರಿಗೆ 2.5 ಗ್ರಾಂ. ನೀವು ಹೇಳಿದ 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಪೌಡರಿನಲ್ಲಿರುವ ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಸುರಿಯಿರಿ. ಒಂದು ಗಂಟೆ ಬಿಟ್ಟು ನೋಡಿದಾಗ ಕ್ಲೋರಿನ್ ವಾಸನೆಯೇ ಇಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ ಹಾಕಿ. ಕೆಸರು ಕ್ಲೋರಿನ್ ನುಂಗುತ್ತದೆ, ಹಳೇ ಪೊಟ್ಟಣವಾದರೆ ಸತ್ವವೇ ಇರುವುದಿಲ್ಲ.

ಇದರಿಂದ ರೋಗಾಣು ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ಕುದಿಸಿದರಂತೂ ಇನ್ನೂ ಉಪ್ಪಾಗುತ್ತದೆ! ಉಪ್ಪು ಇಳಿಸುವುದು ಮಳೆಯೇ, ಒಂದು ಮಳೆಗಾಲ ಸಾಕೋ ಇಲ್ಲವೋ ಅನ್ನುವುದು ನಿಮ್ಮ ನೆಲ ಎಂಥದ್ದು ಎಂಬುದರ ಮೇಲಿದೆ. ವಾರಕ್ಕೊಮ್ಮೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಸಾಧನ) ಅದ್ದಿ ನೋಡಿ. ಅದು ಲೀಟರಿಗೆ 2000 ಮಿಲಿಗ್ರಾಂಗಿಂತ (ಪಿಪಿಎಂ) ಮೇಲಿರುವ ತನಕ ಕುಡಿಯಲು, ಅಡುಗೆಗೆ ಟ್ಯಾಂಕರ್ ನೀರೇ ಇರಲಿ.